ಹಳ್ಳಿ ಹಲ್ಲಿ ಆದದ್ದು ಯಾರ ತಪ್ಪು?

‘ನಮ್ಮ ಹಲ್ಲಿಯ ಮೊದಲ ಸಲೆ ಹನುಮಪ್ಪನ ಗುಡಿಯ ಕಟ್ಟೆಯ ಮೆಲೆ ನಡೆಯುತ್ತಿತ್ತು.’

ಇದನ್ನ ಬರೆದವರು ಎರಡ್ನೇತ್ತಾ ಹುಡುಗ ಅಲ್ರಿ. ನಮ್ಮ ಮಾವನವರು. ಹೈಸ್ಕೂಲಿನ್ಯಾಗ 34 ವರ್ಷ ಕನ್ನಡ ಕಲಿಸಿದ ಮಾಸ್ತರು. ಮಹಾಪ್ರಾಣ ಬಿಟ್ಟು ಬರೆದ ಹುಡುಗರ ಕಡೆ ಅದೇ ಶಬ್ದ ನೂರು ಸಲ ಬರೆಸಿದವರು. ನಾ ಈ ಮನಿಗೆ ಸೊಸಿ ಆಗಿ ಬಂದ ಹೊಸದಾಗಿ ಕಿರಾಣಿ ಯಾದಿಯೊಳಗ ‘ಧೂಪ’ ಅನ್ನೋದಕ್ಕ ‘ದೂಪ’ ಅಂತ ಬರೆದಿದ್ದೆ. ಆ ಚೀಟಿ ಅಂಗಡಿಗೆ ಹೋಗೋ ಮುಂಚೆ ಕೆಂಪು ಗೀಟು ಹಾಕಿಸಿಕೊಂಡಿತ್ತು. ಅಂಥವರು ‘ಹಳ್ಳಿ’ಗೆ ‘ಹಲ್ಲಿ’, ‘ಶಾಲೆ’ಗೆ ‘ಸಲೆ’ ಅಂತ ಬರೆದ್ರ ನೋಡಿದವರ ಹೊಟ್ಟಿಯೊಳಗ ಏನಾಗಬೇಕು ಹೇಳ್ರಿ.

ಎರಡು ವರ್ಷದ ಹಿಂದ ಅವರಿಗೆ ಲಕ್ವಾ ಹೊಡೀತು. ದೇವರ ದಯದಿಂದ ನೆನಪು ಉಳೀತು, ಓದೋದು ಉಳೀತು. ಮಾತು ಒಂದೀಟು ತೊದಲ್ತದ. ಆದ್ರ ಬಲಗೈ ಹೋತು. ಜೀವಮಾನ ಎಲ್ಲಾ ಸೀಸದಕಡ್ಡಿ, ಪೆನ್ನು, ಸುಣ್ಣದಕಡ್ಡಿ ಹಿಡಿದ ಕೈ ಅದು. ಎಡಗೈಲೆ ಪೆನ್ನು ಹಿಡಿದು ಬರದು ನೋಡಿದ್ರು. ತಾವು ಬರದದ್ದು ತಮಗ ಓದಲಿಕ್ಕೆ ಬರವಲ್ದು ಅಂತ ವಹಿ ಮುಚ್ಚಿ ಇಟ್ಟುಬಿಟ್ರು. ತಮ್ಮ ಊರಿನ ಸಾಲಿ, ಕೆರಿ, ಬರಗಾಲ, ಜಾತ್ರಿ ಎಲ್ಲಾ ಸೇರಿಸಿ ಒಂದು ಪುಸ್ತಕ ಬರೀಬೇಕು ಅನ್ನೋದು ಅವರ ರಿಟೈರ್ಮೆಂಟಿನ ಕನಸು. ಅದು ಅಲ್ಲಿಗೆ ನಿಂತು ಹೋತು ಅಂತ ನಾವೆಲ್ಲಾ ಅನಕೊಂಡಿವಿ.

ಆವಾಗ ನನ್ನ ಮಗ ತನ್ನ ಕಂಪ್ಯೂಟರ್‌ನ್ಯಾಗ ನುಡಿ ಹಾಕಿ ಕೊಟ್ಟ. ‘ಅಜ್ಜಾ, ಒಂದ ಬೆರಳಿನ್ಯಾಗ ಬರೀಬಹುದು ನೋಡು’ ಅಂದ. ಅಜ್ಜ ಬರದ್ರು. ಬರದದ್ದು ಮ್ಯಾಲೆ ಹೇಳಿದೆನಲ್ಲ, ಹಂಗ ಬಂತು.

ಕನ್ನಡ ಟೈಪ್ ಮಾಡೋರಿಗೆ ಇದರ ಕಾರಣ ಲಗೂ ತಿಳೀತದ. ಕೆ.ಪಿ. ರಾವ್ ಅವರು ಮಾಡಿದ ಕೀಲಿ ಜೋಡಣೆ ಸರಕಾರದ ಮಾನ್ಯತೆ ಪಡೆದು ನುಡಿಯೊಳಗ ಬಂದದ. ಭಾಳ ಚಂದದ ಜೋಡಣೆ ಅದು, ನಾ ಅದರ ಬಗ್ಗೆ ಒಂದು ಮಾತು ಆಡಂಗಿಲ್ಲ. ಆದ್ರ ಅದರಾಗ ‘ದ’ ಬರೋ ಕೀಗೆ ಶಿಫ್ಟ್ ಸೇರಿಸಿದ್ರ ‘ಧ’. ‘ಲ’ಕ್ಕ ಶಿಫ್ಟ್ ಸೇರಿದ್ರ ‘ಳ’, ‘ಸ’ಕ್ಕ ಸೇರಿದ್ರ ‘ಶ’, ‘ನ’ಕ್ಕ ಸೇರಿದ್ರ ‘ಣ’. ದೀರ್ಘಕ್ಕ ಶಿಫ್ಟ್, ಸೊನ್ನಿಗೆ ಶಿಫ್ಟ್. ಇಂಗ್ಲಿಷಿನ್ಯಾಗ ಶಿಫ್ಟ್ ಬಿಟ್ರ ವಾಕ್ಯದ ಮೊದಲ ಅಕ್ಷರ ಸಣ್ಣದಾಗ್ತದ, ಅಷ್ಟ. ಯಾರಿಗೂ ಅರ್ಥ ಕೆಡಂಗಿಲ್ಲ. ಕನ್ನಡದಾಗ ಶಿಫ್ಟ್ ಬಿಟ್ರ ‘ಧನ’ ಹೋಗಿ ‘ದನ’ ಆಗ್ತದ. ಸಾಲಿ ಕಟ್ಟಲಿಕ್ಕೆ ಊರವರು ಧನಸಹಾಯ ಮಾಡಿದ್ದು ಮಾವನವರ ಪುಟದಾಗ ‘ಉರವರ ದನಸಹಯ’ ಆಗಿತ್ತು.

ಶಿಫ್ಟ್ ಅಂದ್ರ ಎರಡು ಕೀ ಒಮ್ಮೆಗೆ ಹಿಡಿಯೋದು. ಅವರ ಹತ್ರ ಇರೋದು ಒಂದು ಕೈ, ಅದರಾಗ ಕೆಲಸಕ್ಕ ಬರೋದು ಒಂದೇ ಬೆರಳು. ಎಡಗೈ ಈ ಸೂಕ್ಷ್ಮ ಕೆಲಸ ಎಂದೂ ಮಾಡಿದ್ದಲ್ಲ, ಒಂದೀಟು ನಡುಗ್ತದ. ಕ್ಯಾಪ್ಸ್ ಲಾಕ್ ಹಾಕಿ, ಅಕ್ಷರ ಒತ್ತಿ, ಮತ್ತ ಕ್ಯಾಪ್ಸ್ ಲಾಕ್ ತೆಗೀಬೇಕು ಅಂದ್ರ ಒಂದು ಅಕ್ಷರಕ್ಕ ಮೂರು ಸಲ ಒತ್ತಬೇಕು. ಒಮ್ಮೆ ತೆಗೆಯೋದು ಮರೆತ್ರ ಪೂರ್ತಿ ಸಾಲು ಕೆಟ್ಟು ಹೋಗ್ತದ.

ಇಲ್ಲಿಂದ ನನ್ನ ಜಗಳ ಶುರು ಆತು. ಯಾರ ಜೋಡಿ ಅಂತೀರಿ? ಮೊದ್ಲು ಒಂದು ಕಂಪನಿ ಜೋಡಿ, ಆಮ್ಯಾಲೆ ನಮ್ಮನಿಯವರ ಜೋಡಿ, ಕಡೀಕ ‘ಕೊಂಡ ಸಾಮಾನಿಗೆ ಕೈ ಹಚ್ಚಬಾರದು’ ಅನ್ನೋ ಎಲ್ಲಾರ ಜೋಡಿ.

ಮೊದ್ಲು ಎಲ್ಲಾರೂ ಹೇಳೋದನ್ನ ನಾನೂ ಮಾಡಿದೆ. ವಿಂಡೋಸ್‌ನ್ಯಾಗ ‘ಸ್ಟಿಕಿ ಕೀಸ್’ ಅಂತ ಅದ. ಅದನ್ನ ಹಾಕಿದ್ರ ಶಿಫ್ಟ್ ಒಮ್ಮೆ ಒತ್ತಿ ಬಿಟ್ರ ಸಾಕು, ಮುಂದಿನ ಅಕ್ಷರಕ್ಕ ಅದು ಹತ್ತತದ. ಒಳ್ಳೇದ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಎರಡು ಕೀ ಒಮ್ಮೆಗೆ ಒತ್ತಿದ್ರ ಅದು ತಾನ ಬಂದ್ ಆಗೋ ಒಂದು ವ್ಯವಸ್ಥಾ ಅದರಾಗ ಅದ. ನಡುಗೋ ಬೆರಳು ದಿನಕ್ಕ ಹತ್ತು ಸಲ ಎರಡು ಕೀ ಒಮ್ಮೆಗೆ ಒತ್ತತದ. ಆ ವ್ಯವಸ್ಥಾ ಹುಡುಕಿ ತೆಗೆದ್ವಿ ಅನ್ರಿ. ಆದ್ರ ಮಾವನವರು ಒಂದೇ ಕಂಪ್ಯೂಟರ್ ಮುಂದ ಕೂಡೋರಲ್ಲ. ಮೊಮ್ಮಗನ ಅಭ್ಯಾಸ ಇದ್ದಾಗ ನನ್ನ ಲ್ಯಾಪ್‌ಟಾಪು, ಬ್ಯಾಸಿಗಿಯೊಳಗ ಊರಿಗೆ ಹೋದ್ರ ಅವರ ತಮ್ಮನ ಮನಿ ಕಂಪ್ಯೂಟರು. ಅಲ್ಲೆ ಹೋದಾಗೊಮ್ಮೆ ‘ಇದನ್ನೊಂದು ಹಾಕಿ ಕೊಡಪಾ’ ಅಂತ ಮಂದಿ ಮುಂದ ಬೇಡಬೇಕು. ಕುಂಟು ನಡಿಯೋರಿಗೆ ಬಡಗಿ ಕೈಯಾಗ ಇರಬೇಕ್ರಿ. ಹೋದ ಮನಿಯೊಳಗ ಒಂದೊಂದು ಬಡಗಿ ಇಟ್ಟಿರ್ತಾರೇನು?

ಅದಕ್ಕ ಕೀಬೋರ್ಡ್ ಒಳಗ ಈ ಬುದ್ಧಿ ಇರಬೇಕು ಅಂತ ನಂಗ ಅನಿಸ್ತು. ಜೋಡಿಗೆ ಕೀಬೋರ್ಡೂ ಸಣ್ಣದಿರಬೇಕು. ಯಾಕಂದ್ರ 104 ಕೀಗಳ ದೊಡ್ಡ ಮಣಿ ಮ್ಯಾಲೆ ಒಂದೇ ಎಡಗೈ ಆ ತುದಿಯಿಂದ ಈ ತುದಿಗೆ ಓಡ್ಯಾಡಬೇಕು. 61 ಕೀಗಳ ಸಣ್ಣ ಕೀಬೋರ್ಡ್ ಸಿಗ್ತಾವ. ಬಾಜೂಕ ಅಂಕಿ ಇಲ್ಲ, ಬಾಣ ಇಲ್ಲ, ಮ್ಯಾಲಿನ ಎಫ್ ಸಾಲಿಲ್ಲ. ಕುರ್ಚಿ ಕೈ ಮ್ಯಾಲೆ ಒಂದು ಹಲಗಿ ಇಟ್ಟು ಅದರ ಮ್ಯಾಲೆ ಇಡಲಿಕ್ಕೆ ಬರ್ತದ.

ಅಂಥಾದ್ದೊಂದು ತರಿಸಿದೆ. ಯಾವ ಕಂಪನಿ ಅಂತ ಕೇಳಬ್ಯಾಡ್ರಿ. ಅದರ ಜೋಡಿ ಒಂದು ಪ್ರೋಗ್ರಾಂ ಬರ್ತದ. ಅದನ್ನ ಹಾಕಬೇಕಂದ್ರ ಈಮೇಲ್ ಕೊಡಬೇಕು, ಪಾಸ್‌ವರ್ಡ್ ಮಾಡಬೇಕು, ಇಂಟರ್‌ನೆಟ್ ಚಾಲೂ ಇರಬೇಕು. ಒಂದು ಕೀಬೋರ್ಡಿಗೆ ನನ್ನ ಈಮೇಲ್ ಯಾಕಬೇಕು ನಂಗ ತಿಳೀಲಿಲ್ಲ. ಕೊಟ್ಟೆ. ಒಳಗ ಹೋಗಿ ನೋಡಿದ್ರ ಕೀ ಕೆಳಗಿನ ದೀಪಕ್ಕ 1.67 ಕೋಟಿ ಬಣ್ಣ! ನವರಾತ್ರಿಗೆ ದಿನಕ್ಕೊಂದು ಸೀರಿ ಬಣ್ಣ ಹುಡುಕೋ ನನಗ ಒಂಬತ್ತು ಸಾಕಾಗ್ತಾವ. ಆದ್ರ ‘ಶಿಫ್ಟ್ ಒತ್ತಿ ಬಿಟ್ರ ಮುಂದಿನ ಅಕ್ಷರಕ್ಕ ಹತ್ತಲಿ’ ಅನ್ನೋ ಒಂದೇ ಒಂದು ಸೌಲಭ್ಯ ಅದರಾಗ ಇರಲಿಲ್ಲ.

ಫೋನ್ ಹಚ್ಚಿದೆ. ‘ಮ್ಯಾಡಮ್, ಆ ಫೀಚರ್ ಇಲ್ಲ’ ಅಂದ್ರು. ‘ನೀವು ಹಾಕಿಕೊಡ್ತೀರೇನು?’ ಅಂದೆ. ‘ಬರಂಗಿಲ್ಲ ಮ್ಯಾಡಮ್.’ ‘ಹಂಗಾದ್ರ ಒಳಗಿನ ಪ್ರೋಗ್ರಾಂ ಕೊಡ್ರಿ, ನಾ ಯಾರ ಕಡೆನರೆ ಹಾಕಿಸಿಕೊಳ್ತೀನಿ.’ ಆ ಕಡೆ ಹುಡುಗಿ ಒಂದು ಕ್ಷಣ ಸುಮ್ಮನಾದ್ಲು. ಆಮ್ಯಾಲೆ, ‘ಮ್ಯಾಡಮ್, ಅದು ಕಂಪನಿಯದು’ ಅಂದ್ಲು.

ಅಕಿ ತಪ್ಪಿಲ್ಲ, ಪಾಪ ಅಕಿ ನೌಕರಿ ಅದು. ಆದ್ರ ಆ ಮಾತು ನಂಗ ಇನ್ನೂ ಚುಚ್ಚತದ. ರೊಕ್ಕ ನಂದು, ಪ್ಲಾಸ್ಟಿಕ್ ನಂದು, ವೈರು ನಂದು, ಕೈ ನಮ್ಮ ಮಾವನವರದು. ಒಳಗಿನ ಬುದ್ಧಿ ಮಾತ್ರ ಕಂಪನಿಯದು. ಇದ್ಯಾವ ನ್ಯಾಯ?

ನಮ್ಮ ಅವ್ವನ ಹೊಲಿಗಿ ಮಷೀನ್ ಇನ್ನೂ ಅದ. ಅದರ ಮೈಮ್ಯಾಲೆ ಎಣ್ಣಿ ಬಿಡೋ ತೂತು ಎಲ್ಲೆಲ್ಲೆ ಅವ ಅಂತ ಜೋಡಿ ಬಂದ ಸಣ್ಣ ಪುಸ್ತಕದಾಗ ಚಿತ್ರ ಹಾಕಿ ತೋರಿಸ್ಯಾರ. ಬಾಬಿನ್ ಕೇಸ್ ಹಾಳಾದ್ರ ಯಾವ ಅಂಗಡಿಯೊಳಗ ಬೇಕಾದ್ರೂ ಸಿಗ್ತದ. ಹೊಲಿಗಿ ಸಣ್ಣದು ಮಾಡಬೇಕೋ ದೊಡ್ಡದು ಮಾಡಬೇಕೋ ಅಂತ ಅವ್ವ ಯಾರಿಗೂ ಈಮೇಲ್ ಕಳಿಸಿಲ್ಲ. ತಿರುಪು ತಿರುವ್ಯಾಳ. ಮಿಕ್ಸರ್, ಇಸ್ತ್ರಿ, ರೇಡಿಯೋ ಎಲ್ಲಾ ನಾವು ಬಿಚ್ಚಿ ಜೋಡಿಸಿದವರ. ಈ ಚಿಪ್ ಒಳಗಿನ ಪ್ರೋಗ್ರಾಂ ಬಂದ ಮ್ಯಾಲೆ ನಾವು ನಮ್ಮ ಮನಿಯೊಳಗ ಬಾಡಿಗಿಯವರಂಗ ಆಗೇವಿ.

ಬೆಂಗಳೂರಿನ್ಯಾಗ ಇರೋ ನಮ್ಮ ಮೈದುನಗ ಇದನ್ನೆಲ್ಲಾ ಹೇಳಿದೆ. ಅವ ನಕ್ಕು, ‘ವೈನಿ, ಅದನ್ನ ವಾಪಸ್ ಕಳಸ್ರಿ. ಕ್ಯೂಎಂಕೆ ನಡಿಯೋ ಕೀಬೋರ್ಡ್ ಒಂದು ಕಳಿಸ್ತೀನಿ, ನೀವ ಹಾಕ್ರಿ’ ಅಂದ. ‘ನಾನ?’ ಅಂದೆ. ‘ಮತ್ತ್ಯಾರು? ನೀವು ಟ್ಯಾಲಿ ನಡಸ್ತೀರಿ, ಕುಕ್ಕರ್ ವಾಲ್ವ್ ಬದಲಿ ಮಾಡ್ತೀರಿ. ಇದು ಅದಕ್ಕಿಂತ ಏನು ದೊಡ್ಡದಲ್ಲ’ ಅಂದ.

ಈಗ ಇದು ಏನು ಅನ್ನೋದನ್ನ ನಂಗ ತಿಳಿದಷ್ಟು ಹೇಳ್ತೀನಿ.

ಕೀಬೋರ್ಡ್ ಒಳಗ ಒಂದು ಸಣ್ಣ ಚಿಪ್ ಇರ್ತದ. ಅದು ಸಾಲಿ ಮಾಸ್ತರು ಹಾಜರಿ ತಗೊಂಡಂಗ ಸಾಲುಸಾಲಾಗಿ ಕೀಗಳನ್ನ ಕೇಳ್ಕೋತ ಹೋಗ್ತದ: ಈ ಸಾಲಿನ್ಯಾಗ ಯಾರು ಒತ್ತಿಸಿಕೊಂಡೀರಿ? ಮುಂದಿನ ಸಾಲಿನ್ಯಾಗ ಯಾರು? ಹಿಂಗ ಸೆಕೆಂಡಿಗೆ ನೂರಾರು ಸಲ. 61 ಕೀಗೆ 61 ವೈರ್ ಬೇಕಾಗಂಗಿಲ್ಲ. 5 ಅಡ್ಡ, 14 ಉದ್ದ, ಹಿಂಗ 19 ವೈರ್‌ನ್ಯಾಗ ಕೆಲಸ ಮುಗೀತದ. ಯಾವ ಕೀ ಒತ್ತಿದ್ರು ಅಂತ ತಿಳಿದ ಮ್ಯಾಲೆ ಅದು ಕಂಪ್ಯೂಟರಿಗೆ ಒಂದು ನಂಬರ್ ಕಳಿಸ್ತದ. ಇಂಗ್ಲಿಷ್ ಡಿ ಕೀ ನಂಬರ್ 7. ಅದರ ಜೋಡಿ ಶಿಫ್ಟ್ ಅದನೋ ಇಲ್ಲೋ ಅಂತ ಒಂದು ಗುರುತು. ಅದನ್ನ ‘ದ’ ಮಾಡೋದು, ‘ಧ’ ಮಾಡೋದು ಕಂಪ್ಯೂಟರ್‌ನ್ಯಾಗಿನ ನುಡಿ. ಕೀಬೋರ್ಡಿಗೆ ಕನ್ನಡನೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ.

ಈ ಹಾಜರಿ ತಗೊಳ್ಳೋ ಪ್ರೋಗ್ರಾಮಿಗೆ ಫರ್ಮ್‌ವೇರ್ ಅಂತಾರ. ಹೆಚ್ಚಿನ ಕಂಪನಿಗಳು ಅದನ್ನ ಮುಚ್ಚಿ ಇಡ್ತಾವ. ಕ್ಯೂಎಂಕೆ ಅನ್ನೋದು ತೆರೆದದ್ದು. ಜುನ್ ವಾಕೋ ಅನ್ನೋರು ಟಿಎಂಕೆ ಅಂತ ಒಂದು ಬರೆದು ಎಲ್ಲಾರಿಗೂ ಕೊಟ್ಟಿದ್ರು. ಅದನ್ನ ತಗೊಂಡು ಜ್ಯಾಕ್ ಹಂಬರ್ಟ್ ಅನ್ನೋರು ತಮ್ಮ 40 ಚಿಲ್ಲರ ಕೀಗಳ ಪ್ಲ್ಯಾಂಕ್ ಅನ್ನೋ ಸಣ್ಣ ಕೀಬೋರ್ಡಿಗೆ ಬೆಳೆಸಿದ್ರು. ಆಮ್ಯಾಲೆ ಜಗತ್ತಿನ ಮಂದಿ ಎಲ್ಲಾ ಸೇರಿ ತಮಗ ಬೇಕಾದ್ದು ಹಾಕ್ಕೋತ ಹೋಗ್ಯಾರ. ನಮ್ಮ ಮಾವನವರಿಗೆ ಬೇಕಾದ್ದು, ಅಂದ್ರ ಒತ್ತಿ ಬಿಟ್ರ ಮುಂದಿನ ಕೀಗೆ ಹತ್ತೋ ಶಿಫ್ಟು, ಅದರಾಗ ಮೊದಲ ಇತ್ತು. ‘ಒನ್ ಶಾಟ್’ ಅಂತ ಅದಕ್ಕ ಹೆಸರು. ಯಾರೋ ಎಲ್ಲೋ ಕೂತು ಬರದಾರ, ನನಗ ಅವರ ಹೆಸರೂ ಗೊತ್ತಿಲ್ಲ, ಅವರಿಗೆ ನಮ್ಮ ಮಾವನವರು ಗೊತ್ತಿಲ್ಲ.

ಒಂದು ರವಿವಾರ ಮಧ್ಯಾಹ್ನ ಊಟಾ ಮಾಡಿ ಕೂತೆ. ನಮ್ಮನಿಯವರು ಪೇಪರ್ ಹಿಂದಿನಿಂದ, ‘ಚಾಲೂ ಇದ್ದದ್ದಕ್ಕ ಕೈ ಹಚ್ಚಬಾರದು. ವಾರಂಟಿ ಹೋಗ್ತದ ನೋಡು’ ಅಂದ್ರು. ನಾ ಸಿಟ್ಟಿಗೆದ್ದೆ. ‘ಯಾರಿಗೆ ಚಾಲೂ ಅದ? ನಿಮಗ ಚಾಲೂ ಅದ, ನಂಗ ಚಾಲೂ ಅದ. ನಿಮ್ಮ ಅಪ್ಪಗ ಚಾಲೂ ಇಲ್ಲ’ ಅಂದೆ. ಪೇಪರ್ ಕೆಳಗ ಇಳೀಲಿಲ್ಲ, ಆದ್ರ ಮತ್ತ ಮಾತೂ ಬರಲಿಲ್ಲ.

ಮೊದ್ಲು ಕ್ಯೂಎಂಕೆ ಪೂರ್ತಿ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಅದರಾಗ ನಮ್ಮ ಕೀಬೋರ್ಡಿನ ಹೆಸರಿನ್ಯಾಗ ಒಂದು ಫೋಲ್ಡರ್, ಅದರೊಳಗ ಕೀಮ್ಯಾಪ್ ಅನ್ನೋ ಫೈಲು. ಸಿ ಭಾಷೆಯೊಳಗ ಅದ ಖರೆ, ಆದ್ರ ನೋಡಿದ್ರ ರಂಗೋಲಿ ಚುಕ್ಕಿ ಇಟ್ಟಂಗ ಕೀಗಳ ಹೆಸರು ಸಾಲಾಗಿ ಕೂತಾವ. ಎರಡೂ ಕಡೆ ಶಿಫ್ಟ್ ಇದ್ದ ಜಾಗದಾಗ ಒನ್ ಶಾಟ್ ಶಿಫ್ಟ್ ಅಂತ ಬರೆದೆ. 61 ಕೀ ಕೀಬೋರ್ಡಿನ್ಯಾಗ ಬಾಣದ ಕೀ ಇರಂಗಿಲ್ಲ ಅಂದೆನಲ್ಲ, ಅವು ಎರಡನೇ ಪದರಿನ್ಯಾಗ ಇರ್ತಾವ. ಚಪಾತಿ ಪದರು ಇದ್ದಂಗ, ಒಂದರ ಕೆಳಗ ಒಂದು. ಸಾಮಾನ್ಯವಾಗಿ ಫಂಕ್ಷನ್ ಕೀ ಹಿಡಕೊಂಡು ಮತ್ತೊಂದು ಒತ್ತಬೇಕು. ಅದನ್ನೂ ಒತ್ತಿ ಬಿಡೋ ಹಂಗ ಮಾಡಿ, ಬಾಣಗಳನ್ನ ಎಡಗಡೆ, ಅವರ ಬೆರಳ ಬುಡಕ್ಕ ತಂದು ಇಟ್ಟೆ.

ಕಂಪೈಲ್ ಮಾಡಿದೆ. ಬೈದು ಕಳಿಸ್ತು. 61 ಕೀ ಬೇಕು, ನೀ 60 ಕೊಟ್ಟೀ ಅಂತ. ಎಲ್ಲೋ ಒಂದು ಬಿಟ್ಟಿದ್ದೆ. ಮೂರು ಸಲ ಎಣಿಸಿ ಹುಡುಕಿದೆ. ಮತ್ತ ಮಾಡಿದೆ. ಈ ಸಲ, ಚಿಪ್ಪಿನ್ಯಾಗ ಜಾಗ ಸಾಲಂಗಿಲ್ಲ ಅಂತು. ನಮ್ಮ ಕೀಬೋರ್ಡಿನ ಚಿಪ್ ಎಟಿಮೆಗಾ32ಯು4. ಅದರಾಗ ಇರೋದ 32 ಕಿಲೋಬೈಟ್, ಅದರಾಗೂ 4 ಕಿಲೋಬೈಟ್ ಹೊಸ ಪ್ರೋಗ್ರಾಂ ಒಳಗ ತಗೊಳ್ಳೋ ಬಾಗಿಲಿಗೇ ಹೋಗ್ತದ. ಉಳಿದ 28ರಾಗ ಸಂಸಾರ ಮಾಡಬೇಕು. ಏನು ತೆಗೀಲಿ ಅಂತ ನೋಡಿದ್ರ ದೀಪದ ಕುಣಿತಗಳು ಭಾಳ ಜಾಗ ಹಿಡಿದಿದ್ವು. ತೆಗೆದು ಒಗೆದೆ. ಮಹಾಪ್ರಾಣಕ್ಕ ಜಾಗ ಆತು.

ಆಮ್ಯಾಲೆ ಕೀಬೋರ್ಡ್ ಬೋರಲು ಹಾಕಿ ಬುಡದಾಗಿನ ಸಣ್ಣ ರಿಸೆಟ್ ಬಟನ್ ಒತ್ತಿದೆ. ಕೀಬೋರ್ಡ್ ಸತ್ತಂಗ ಆತು. ಕಂಪ್ಯೂಟರಿನ್ಯಾಗ ಸಾಲುಗಳು ಓಡಿದ್ವು, ಹಳೇದು ಅಳಿಸೇನಿ ಅಂತು, ಹೊಸದು ಬರೀಲಿಕತ್ತೇನಿ ಅಂತು. ಆ ಅರ್ಧ ನಿಮಿಷ ಹಾಲು ಉಕ್ಕೋದನ್ನ ಕಾದಂಗ ಕೂತಿದ್ದೆ. ಅತ್ತಿಯವರು ಬಂದು ‘ಏನಾತವಾ?’ ಅಂದ್ರು. ‘ತಡೀರಿ’ ಅಂದೆ. ಮತ್ತ ಜೀವ ಬಂತು.

ಮಾವನವರನ್ನ ಕರೆದೆ. ‘ಮಾಮಾ, ಶಿಫ್ಟ್ ಒತ್ತಿ ಕೈ ತಗೀರಿ. ಆಮ್ಯಾಲೆ ಅಕ್ಷರ ಒತ್ತರಿ.’ ಒತ್ತಿದ್ರು. ಶಿಫ್ಟ್, ಡಿ. ಎನ್. ಪರದೆ ಮ್ಯಾಲೆ ‘ಧನ’ ಬಂತು. ಅವರು ನನ್ನ ಕಡೆ ನೋಡಲಿಲ್ಲ. ಅಳಿಸಿ ಮತ್ತ ಬರದ್ರು. ‘ಶಾಲೆ.’ ‘ಹಳ್ಳಿ.’ ‘ಭಾರತ.’ ‘ಘಂಟೆ.’ ಮಗ್ಗಿ ಒಪ್ಪಿಸೋ ಹುಡುಗನಂಗ ಒಂದೊಂದ.

ಅಲ್ಲಿಗೆ ಮುಗೀಲಿಲ್ಲ. ಶಿಫ್ಟ್ ಒತ್ತಿದ ಮ್ಯಾಲೆ ಎಷ್ಟು ಹೊತ್ತು ಕಾಯಬೇಕು ಅಂತ ನಾ 5,000 ಮಿಲಿಸೆಕೆಂಡ್, ಅಂದ್ರ 5 ಸೆಕೆಂಡ್ ಹಾಕಿದ್ದೆ. ನಂಗ 5 ಸೆಕೆಂಡ್ ಭಾಳಾತು. ಅವರಿಗೆ ಶಿಫ್ಟ್ ಒತ್ತಿ, ಕನ್ನಡಕ ಮ್ಯಾಲೆ ಮಾಡಿ, ಮುಂದಿನ ಅಕ್ಷರ ಎಲ್ಲೆ ಅದ ಅಂತ ಹುಡುಕೋದ್ರಾಗ ಅದು ಮುಗಿದು ಹೋಗಿರ್ತಿತ್ತು. ಮತ್ತ ‘ದನ’. ಮರುದಿನ ಆ ಗಡುವ ತೆಗೆದುಹಾಕಿದೆ. ಈಗ ಅವರ ಶಿಫ್ಟ್ ಅವರು ಮುಂದಿನ ಅಕ್ಷರ ಒತ್ತೋತನಕ ಕಾಯ್ತದ. ಬೆರಳು ನಡುಗಿ ಒಂದು ‘ಕ’ ಒತ್ತಿದ್ರ ಎರಡು ಬೀಳ್ತಿದ್ವು. ಕೀ ನಡುಗಿದ್ರ ಎಷ್ಟು ಹೊತ್ತು ಲೆಕ್ಕಕ್ಕ ಹಿಡೀಬಾರದು ಅನ್ನೋದಕ್ಕ ಅದರಾಗ 5 ಮಿಲಿಸೆಕೆಂಡ್ ಇತ್ತು. ಅದನ್ನ 60ಕ್ಕ ಏರಿಸಿದೆ. ನಿಂತು ಹೋತು.

ನಾ ಇಷ್ಟೆಲ್ಲಾ ವಿವರ ಯಾಕ ಹೇಳೇನಂದ್ರ, ವಾದ ಇರೋದ ಈ 5ರಾಗ ಮತ್ತ 60ರಾಗ. 5 ಅನ್ನೋದು ತಪ್ಪಲ್ಲ. ಗಟ್ಟಿ ಬೆರಳಿನವರಿಗೆ ಅದು ಬರೋಬ್ಬರಿ. ಆದ್ರ ಕಾರ್ಖಾನೆಯೊಳಗ ಕೂತವರಿಗೆ ನಮ್ಮ ಮಾವನವರ ಬೆರಳು ಹೆಂಗ ಗೊತ್ತಾಗಬೇಕು? ಗೊತ್ತಿರಬೇಕು ಅಂತ ನಾ ಅನ್ನಂಗಿಲ್ಲ. ಗೊತ್ತಿದ್ದವರು, ಅಂದ್ರ ನಾವು, ಬದಲಿ ಮಾಡಲಿಕ್ಕೆ ಬಾಗಿಲು ತೆರೆದಿಡ್ರಿ ಅಂತೀನಿ. ಇಷ್ಟ ನನ್ನ ತಕರಾರು.

ಇದು ಹೊಸ ತಕರಾರು ಅಲ್ಲ. 1980ರ ಸುಮಾರಿಗೆ ಅಮೆರಿಕದ ಎಂಐಟಿಯೊಳಗ ರಿಚರ್ಡ್ ಸ್ಟಾಲ್‌ಮನ್ ಅನ್ನೋರು ಕೆಲಸ ಮಾಡ್ತಿದ್ರು. ಪ್ರಿಂಟರಿನ್ಯಾಗ ಕಾಗದ ಸಿಕ್ಕಿಕೊಂಡ್ರ ಎಲ್ಲಾರಿಗೂ ಸುದ್ದಿ ಹೋಗೋ ಹಂಗ ಹಳೇ ಪ್ರಿಂಟರಿನ ಪ್ರೋಗ್ರಾಂ ತಿದ್ದಿದ್ರು. ಹೊಸ ಲೇಸರ್ ಪ್ರಿಂಟರ್ ಬಂತು, ಅದರ ಪ್ರೋಗ್ರಾಂ ಬರಲಿಲ್ಲ. ಕೇಳಲಿಕ್ಕೆ ಹೋದ್ರ, ಕೊಡಂಗಿಲ್ಲ ಅಂತ ಮಾತು ಕೊಟ್ಟೇನಿ ಅಂದ್ರಂತ. ಒಂದು ಸಿಕ್ಕಿಕೊಂಡ ಕಾಗದದ ಸಿಟ್ಟು ಎಲ್ಲಿಗೆ ಮುಟ್ಟಿತು ನೋಡ್ರಿ. 1983ರಾಗ ಅವರು ಗ್ನೂ ಅನ್ನೋ ಕೆಲಸ ಸಾರಿದ್ರು, 1989ರಾಗ ಜಿಪಿಎಲ್ ಅನ್ನೋ ಲೈಸೆನ್ಸ್ ಬಂತು, 1991ರಾಗ ಅದರ ಎರಡನೇ ರೂಪ. ಕ್ಯೂಎಂಕೆ ಇರೋದು ಆ ಎರಡನೇ ರೂಪದ ಲೈಸೆನ್ಸಿನ ಕೆಳಗ. ಅದು ಹೇಳೋದು ಸರಳ: ನೀ ಇದನ್ನ ತಗೋ, ತಿದ್ದು, ಮಾರು, ಆದ್ರ ನೀ ಯಾರಿಗೆ ಕೊಡ್ತೀಯೋ ಅವರಿಗೆ ಅದರ ಮೂಲ ಬರಹನೂ ಕೊಡಬೇಕು. ಹೆಪ್ಪಿಗೆ ಮೊಸರು ಇಸಕೊಂಡವರು, ನಾಳೆ ಮತ್ತೊಬ್ಬರು ಹೆಪ್ಪು ಕೇಳಲಿಕ್ಕೆ ಬಂದ್ರ ಇಲ್ಲ ಅನ್ನಬಾರದು. ನಮ್ಮ ಓಣಿಯೊಳಗ ಇದಕ್ಕ ಲೈಸೆನ್ಸ್ ಬೇಕಾಗಿಲ್ಲ, ಅವರಿಗೆ ಬೇಕಾತು.

ಬೇಕಾತು ಯಾಕಂದ್ರ ಹೆಪ್ಪು ಒಯ್ದು ಬಾಗಿಲು ಹಾಕಿಕೊಳ್ಳೋರು ಇದ್ದಾರ. ಕ್ಯೂಎಂಕೆ ತಗೊಂಡು ಕೀಬೋರ್ಡಿಗೆ ಹಾಕಿ, ಮಾರಿ, ಮೂಲ ಬರಹ ಕೊಡದ ಕಂಪನಿಗಳದು ಒಂದು ಪಟ್ಟಿನ ಕ್ಯೂಎಂಕೆಯವರು ಮಾಡಿ ಇಟ್ಟಾರ. ಮಂದಿ ಪುಕ್ಕಟ ಕೊಟ್ಟದ್ದನ್ನ ಒಯ್ದು ಕೀಲಿ ಹಾಕಿ ಮಾರೋದಕ್ಕ ನಮ್ಮ ಕಡೆ ಒಂದು ಶಬ್ದ ಅದ. ಮಾವನವರು ಬರೆಯೋ ಮನಿಯೊಳಗ ಅದನ್ನ ನಾ ಬರೆಯಂಗಿಲ್ಲ.

ಇನ್ನ ನನ್ನ ಜೋಡಿ ವಾದ ಮಾಡಿದವರಿಗೆ ಒಂದೊಂದಾಗಿ ಉತ್ತರ.

ವಾರಂಟಿ ಹೋಗ್ತದ ಅಂದ್ರು. ವಾರಂಟಿ ಒಂದು ವರ್ಷದ್ದು. ಮಾವನವರ ಕೈ ಆ ವರ್ಷ ಮುಗಿಯೋತನಕ ಕಾಯಬೇಕೇನು? ಅದೂ ಅಲ್ಲದ, ತಿದ್ದಬಹುದು ಅಂತ ಹೇಳಿ ಮಾರೋ ಕೀಬೋರ್ಡಿಗೆ ಈ ಮಾತ ಬರಂಗಿಲ್ಲ. ತಿದ್ದಬಾರದು ಅಂತ ಮುಚ್ಚಿದ್ದನ್ನ ನೀವು ತಿದ್ದಲಿಕ್ಕೆ ಹೋಗಬ್ಯಾಡ್ರಿ ಅಂತ ನಾನೂ ಹೇಳ್ತೀನಿ. ಯಾವ ಚಿಪ್ಪೋ, ಹಳೇದು ವಾಪಸ್ ಹಾಕಲಿಕ್ಕೆ ಬರ್ತದೋ ಇಲ್ಲೋ ತಿಳೀದ ಕೈ ಹಾಕಿದ್ರ ಕೀಬೋರ್ಡ್ ಇಟ್ಟಂಗಿ ಆಗ್ತದ.

ಬಾಜೂ ಮನಿ ಕಾಕಾ, ‘ಈಗ ಮಾತಾಡಿದ್ರ ಫೋನ್ ತಾನ ಬರೀತದಲ್ಲವಾ, ಇಷ್ಟ್ಯಾಕ ಒದ್ದಾಡ್ತಿ?’ ಅಂದ್ರು. ಕಾಕಾ, ಮಾವನವರ ಮಾತು ತೊದಲ್ತದ. ಅವರು ‘ಕೂರಿಗಿ’ ಅಂದ್ರ ಫೋನ್ ಒಂದು ಬರೀತದ, ‘ಹಗೇವು’ ಅಂದ್ರ ಮತ್ತೊಂದು ಬರೀತದ. ಹೊಲ, ಹಗೇವು, ಬರಗಾಲ ಬಿಟ್ರ ಆ ಪುಸ್ತಕದಾಗ ಏನು ಉಳೀತದ? ಮತ್ತ ಬರೆಯೋದು ಬ್ಯಾರೆ, ಮಾತಾಡೋದು ಬ್ಯಾರೆ ಅಂತ 34 ವರ್ಷ ಹೇಳಿದ ಮನಶ್ಯಾಗ, ನೀವು ಬರೀಬ್ಯಾಡ್ರಿ, ಬರೇ ಮಾತಾಡ್ರಿ ಅಂತ ನಾ ಹೆಂಗ ಹೇಳ್ಲಿ?

‘ಎಲ್ಲಾರಿಗೂ ಇದು ಮಾಡಲಿಕ್ಕೆ ಬರ್ತದೇನು?’ ಅಂದ್ರು ನಮ್ಮನಿಯವರು. ಬರಂಗಿಲ್ಲ. ರೇಡಿಯೋ ರಿಪೇರಿನೂ ಎಲ್ಲಾರಿಗೂ ಬರ್ತಿರಲಿಲ್ಲ. ಓಣಿಗೆ ಒಬ್ಬಾವ ಇರ್ತಿದ್ದ. ಅವ ಇರಬೇಕಂದ್ರ ರೇಡಿಯೋ ಬಿಚ್ಚಲಿಕ್ಕೆ ಬರೋ ಹಂಗ ಇರಬೇಕು. ಮುಚ್ಚಿದ ಡಬ್ಬಿ ಮಾಡಿದ್ರ ಗಿರಾಕಿ ಅಷ್ಟ ಅಲ್ಲ, ಆ ಓಣಿ ಮೆಕ್ಯಾನಿಕ್ಕೂ ಸಾಯ್ತಾನ. 2022ರಾಗ ನಮ್ಮ ಕೇಂದ್ರ ಸರಕಾರದ ಗ್ರಾಹಕ ಇಲಾಖೆಯವರು ರಿಪೇರಿ ಹಕ್ಕಿನ ಮಾತು ಎತ್ತಿ ಒಂದು ಪೋರ್ಟಲ್ ಮಾಡಿದ್ರು, ಮೊಬೈಲ್, ಮನಿ ಸಾಮಾನು, ಗಾಡಿ, ಹೊಲದ ಯಂತ್ರ ಅಂತ. ಒಳ್ಳೇ ಕೆಲಸ. ಆದ್ರ ಬಿಡಿಭಾಗ ಸಿಗೋದು ಅರ್ಧ ಹಕ್ಕು. ಒಳಗಿನ ಪ್ರೋಗ್ರಾಂ ತಿದ್ದಲಿಕ್ಕೆ ಬರೋದು ಉಳಿದರ್ಧ. ನಮ್ಮ ಮೊದಲನೇ ಕೀಬೋರ್ಡಿನ್ಯಾಗ ಒಂದು ಭಾಗನೂ ಮುರಿದಿರಲಿಲ್ಲ, ಆದ್ರೂ ಅದು ನಮ್ಮ ಮನಿಗೆ ಕೆಟ್ಟದ್ದ ಆಗಿತ್ತು.

ಮೈದುನನ ಮಂದಿಗೂ ಒಂದು ಮಾತು. ಈ ತೆರೆದ ಫರ್ಮ್‌ವೇರ್ ಹಾಕೋ ಹುಡುಗರು ಭಾಳ ಮಂದಿ ಕೀ ಸಪ್ಪಳ ಹೆಂಗ ಬರ್ತದ, ಕೀ ಟೊಪಗಿ ಯಾವ ಬಣ್ಣ ಅಂತ ಸಾವಿರಗಟ್ಟಲೆ ಸುರೀತಾರ. ಸುರೀರ್ಯಪಾ, ನಿಮ್ಮ ರೊಕ್ಕ. ಆದ್ರ ಇದನ್ನ ಹವ್ಯಾಸ, ಚಟ ಅಂತ ಅನಕೋತ ಹೋದ್ರ, ಲಕ್ವಾ ಹೊಡೆದವರ ಮನಿಗೆ ಇದು ಮುಟ್ಟಂಗಿಲ್ಲ. ಇದರ ಬಗ್ಗೆ ಕನ್ನಡದಾಗ ನಾ ಹುಡುಕಿದಾಗ ನಂಗೇನೂ ಸಿಗಲಿಲ್ಲ. ನಿಮ್ಮೊಳಗ ಒಬ್ಬರು ಕನ್ನಡದಾಗ ನಾಕು ಪುಟ ಬರೀರಿ. ನಿಮ್ಮ ದವಾಖಾನಿಗೆ ಬರೋ ಫಿಜಿಯೋಥೆರಪಿಯವರಿಗೆ ಒಮ್ಮೆ ತೋರಿಸ್ರಿ.

ನಿಮ್ಮ ಮನ್ಯಾಗ ಅಂಥಾ ಕೈ ಇದ್ರ, ಅಥವಾ ಇಲ್ಲದಿದ್ರೂ, ಕೀಬೋರ್ಡ್ ತಗೊಳ್ಳೋ ಮುಂಚೆ ಅಂಗಡಿಯವರಿಗೆ ಮೂರು ಮಾತು ಕೇಳ್ರಿ. ಇದರಾಗ ಕ್ಯೂಎಂಕೆಯಂಥಾ ತೆರೆದ ಫರ್ಮ್‌ವೇರ್ ನಡೀತದೇನು? ಮೂಲ ಬರಹ ಎಲ್ಲೆ ಇಟ್ಟೀರಿ? ಸೆಟ್ಟಿಂಗ್ ಕೀಬೋರ್ಡ್ ಒಳಗ ಉಳೀತದೋ, ನಿಮ್ಮ ಪ್ರೋಗ್ರಾಮಿನ್ಯಾಗ ಉಳೀತದೋ? ಅಂಗಡಿಯವಾ ಮಾರಿ ನೋಡ್ತಾನ, ನೋಡ್ಲಿ. ಹತ್ತು ಮಂದಿ ಕೇಳಿದ್ರ ಹನ್ನೊಂದನೇದವರಿಗೆ ಉತ್ತರ ಇಟ್ಟುಕೊಂಡಿರ್ತಾನ. ವಯಾ ಅನ್ನೋ ಪ್ರೋಗ್ರಾಮಿಗೆ ಹೊಂದೋ ಕೀಬೋರ್ಡ್ ಸಿಕ್ರ ಕೀ ಬದಲಿ ಮಾಡಲಿಕ್ಕೆ ನನ್ನಂಗ ಕಂಪೈಲ್ ಮಾಡೋ ತ್ರಾಸೂ ಇಲ್ಲ.

ಮಾವನವರ ಪುಸ್ತಕ ಈಗ ಮೂರನೇ ಅಧ್ಯಾಯಕ್ಕ ಬಂದದ. ಅವರು ಅದಕ್ಕ ಕೀಬೋರ್ಡ್ ಅನ್ನಂಗಿಲ್ಲ, ‘ಕೀಲಿಮಣೆ’ ಅಂತಾರ. ದಿನಾ ಮುಂಜಾನೆ ಪೂಜಾ ಮುಗಿಸಿ ಅರ್ಧ ಪುಟ. ಮೊದಲಿನ ಪುಟದಾಗ ‘ಹಲ್ಲಿ’ಗಳು ಹಂಗ ಉಳಿದಿದ್ವು. ನಮ್ಮನಿಯವರು, ತಾವೂ ಏನರೆ ಮಾಡಬೇಕು ಅಂತ, ಒಂದು ರಾತ್ರಿ ಕೂತು ಕಂಪ್ಯೂಟರಿಗೆ ಹೇಳಿ ಎಲ್ಲಾ ‘ಹಲ್ಲಿ’ನೂ ಒಂದೇ ಏಟಿಗೆ ‘ಹಳ್ಳಿ’ ಮಾಡಿಸಿದ್ರು. ಮರುದಿನ ಮುಂಜಾನೆ ಮಾವನವರು ಓದಿಕೋತ ಓದಿಕೋತ ಒಮ್ಮೆಲೆ ನಗಲಿಕ್ಕೆ ಹತ್ತಿದ್ರು. ಲಕ್ವಾ ಹೊಡೆದ ಮ್ಯಾಲೆ ಅವರು ಹಂಗ ನಕ್ಕದ್ದು ನಾ ನೋಡಿರಲಿಲ್ಲ. ಸಾಲಿಯ ನೀರಿನ ಕೊಡದಾಗ ಒಮ್ಮೆ ಖರೇನ ಒಂದು ಹಲ್ಲಿ ಬಿದ್ದು, ಹುಡುಗರೆಲ್ಲಾ ಎರಡು ದಿನ ರಜಾ ಹೊಡೆದ ಕತಿ ಅಲ್ಲೆ ಇತ್ತು. ಈಗ ಆ ಕೊಡದಾಗ ಒಂದು ಪೂರ್ತಿ ಹಳ್ಳಿ ಬಿದ್ದಿತ್ತು.

‘ನೋಡವಾ’ ಅಂದು, ಶಿಫ್ಟ್ ಮುಟ್ಟದನ, ಒಂದೇ ಬೆರಳಿಲೆ ಅದನ್ನ ವಾಪಸ್ ಹಲ್ಲಿ ಮಾಡಿದ್ರು.